ಬಾಲಾಭಿನಯ ಮತ್ತು ಹಾಸ್ಯರಸ: ಒಂದು ಆಂಗ್ಲ ಗೃಹಪ್ರಹಸನದ ಪರಿಶೀಲನೆ

ನಾಟ್ಯವೆಂಬುದು ಲೋಕವೃತ್ತದ ಅನುಕರಣವೆಂಬ ಮಾತು ಅಲಂಕಾರಶಾಸ್ತ್ರದ ಮೊದಲ ಪಾಠದಲ್ಲಿಯೇ ವಿದ್ಯಾರ್ಥಿಗೆ ದೊರೆಯುತ್ತದೆ. ಅನುಕರಿಸುವಾತನಿಗೆ ತಾನು ಅನುಕರಿಸುತ್ತಿರುವೆನೆಂಬ ಎಚ್ಚರ ಎಷ್ಟರಮಟ್ಟಿಗೆ ಇರಬೇಕು ಎಂಬುದು ಮಾತ್ರ ಅಷ್ಟು ಸುಲಭವಾಗಿ ಬಗೆಹರಿಯತಕ್ಕ ಪ್ರಶ್ನೆಯಲ್ಲ. ನಟನು ಪ್ರೌಢನಾಗಿದ್ದಲ್ಲಿ ಈ ಪ್ರಶ್ನೆಯನ್ನು ಬದಿಗಿರಿಸಿ ಮುಂದೆ ಸಾಗಬಹುದು. ಅವನು ಪಾತ್ರವನ್ನು ಬಲ್ಲ, ಪ್ರೇಕ್ಷಕನನ್ನು ಬಲ್ಲ, ಎರಡರ ನಡುವೆ ತಾನು ನಿಂತಿರುವ ಸ್ಥಾನವನ್ನೂ ಬಲ್ಲ. ಆದರೆ ನಟನಾಗಿ ಬಂದಿರುವುದು ಆರು ವರ್ಷದ ಮಗುವಾದರೆ? ಆ ಮಗುವಿನ ಕೈಯಲ್ಲಿ ಬರೆದ ಮಾತುಗಳನ್ನು ಕೊಡದೆ, ಕಂಠಪಾಠ ಮಾಡಿಸದೆ, ಸನ್ನಿವೇಶವನ್ನಷ್ಟೇ ಕಿವಿಯಲ್ಲಿ ಹೇಳಿ ರಂಗಕ್ಕೆ ಬಿಟ್ಟರೆ, ಆಗ ಅದು ಮಾಡುವುದನ್ನು ಅಭಿನಯವೆನ್ನಬೇಕೋ ಬಾಲಲೀಲೆಯೆನ್ನಬೇಕೋ? ಮಕ್ಕಳೊಡನೆ ದಿನವೂ ವ್ಯವಹರಿಸುವ ನಮ್ಮ ಉಪಾಧ್ಯಾಯವರ್ಗಕ್ಕೆ ಇದು ಕೇವಲ ಶಾಸ್ತ್ರಚರ್ಚೆಯ ವಿಷಯವಲ್ಲ. ಮಗುವಿನ ಬಾಯಿಂದ ನಾವು ಬಯಸುವುದು ನಮ್ಮ ಮಾತಿನ ಪ್ರತಿಧ್ವನಿಯನ್ನೋ ಅದರ ಸ್ವಂತ ಮಾತನ್ನೋ ಎಂಬ ಸಂಗತಿ ಇದರೊಳಗೆ ಅಡಗಿದೆ.

ಈ ವಿಚಾರಕ್ಕೆ ಒಂದು ಉತ್ತಮ ಲಕ್ಷ್ಯವು ಬ್ರಿಟನ್ನಿನ ಬಿ.ಬಿ.ಸಿ. ದೂರದರ್ಶನದಲ್ಲಿ 2007ರಿಂದ 2014ರವರೆಗೆ ಐದು ಸರಣಿಗಳಾಗಿ ಪ್ರಸಾರಗೊಂಡ 'ಔಟ್‌ನಂಬರ್ಡ್' ಎಂಬ ಗೃಹಪ್ರಹಸನದಲ್ಲಿ ದೊರೆಯುತ್ತದೆ. ಎಣಿಕೆಯಲ್ಲಿ ಎದುರಾಳಿಗಿಂತ ಕಡಮೆಯಾದವರು ಎಂಬುದು ಆ ಹೆಸರಿನ ತಾತ್ಪರ್ಯ. ಮನೆಯಲ್ಲಿ ತಂದೆತಾಯಿಗಳು ಇಬ್ಬರು, ಮಕ್ಕಳು ಮೂವರು. ಆದಕಾರಣ ಪ್ರತಿಯೊಂದು ಗೃಹಯುದ್ಧದಲ್ಲಿಯೂ ಹಿರಿಯರಿಗೇ ಸೋಲು. ಕಥೆಯೆಂದು ಬೇರೆ ಹೇಳುವಂಥದು ಹೆಚ್ಚೇನೂ ಇಲ್ಲ. ಲಂಡನ್ ನಗರದ ಒಂದು ಮಧ್ಯಮವರ್ಗದ ಮನೆ. ತಂದೆ ಪೀಟ್ ಬ್ರಾಕ್‌ಮನ್ ಒಂದು ಶಾಲೆಯಲ್ಲಿ ಇತಿಹಾಸದ ಉಪಾಧ್ಯಾಯ. (ಪರರ ಮಕ್ಕಳನ್ನು ತಿದ್ದುವ ವೃತ್ತಿಯವನು ಸ್ವಂತ ಮಕ್ಕಳ ಮುಂದೆ ನಿರುತ್ತರನಾಗುವುದನ್ನು ನೋಡಿ ನಮ್ಮಲ್ಲಿ ಕೆಲವರಿಗಾದರೂ ಸ್ವಾನುಭವ ನೆನಪಾಗದಿರದು.) ತಾಯಿ ಸ್ಯೂ ಕಚೇರಿಯೊಂದರಲ್ಲಿ ಅರೆಕಾಲಿಕ ಕೆಲಸದವಳು. ಹಿರಿಯ ಮಗ ಜೇಕ್‌ಗೆ ಆರಂಭದಲ್ಲಿ ಹನ್ನೊಂದು ವರ್ಷ, ನಡುವಣ ಬೆನ್‌ಗೆ ಏಳು, ಕಿರಿಯವಳಾದ ಕ್ಯಾರನ್‌ಗೆ ಐದು. ಕ್ಯಾರನ್ ಪಾತ್ರವನ್ನು ವಹಿಸಿದ ರಮೋನಾ ಮಾರ್ಕೆಜ್ ಎಂಬ ಬಾಲಿಕೆಯ ಅಭಿನಯವೇ ಪ್ರಕೃತ ಲೇಖನದ ಮುಖ್ಯ ವಸ್ತು. 2007ರ ಆಗಸ್ಟ್ 28ರಂದು ಮೊದಲ ಕಂತು ಪ್ರಸಾರವಾದಾಗ ಆಕೆಗೆ ಆರು ವರ್ಷ ತುಂಬಿತ್ತು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಆ ದೇಶದಲ್ಲಿದ್ದು ಹಿಂದಿರುಗುವಾಗ ತಂದುಕೊಟ್ಟ ಮುದ್ರಿಕೆಗಳಿಂದ ಈ ಮಾಲಿಕೆಯನ್ನು ಸಾವಕಾಶವಾಗಿ ನೋಡುವ ಅವಕಾಶ ನನಗೊದಗಿತು.

ಆಂಗ್ಲರ ಗೃಹಪ್ರಹಸನಗಳಲ್ಲಿ ಮಕ್ಕಳು ಹೊಸಬರೇನಲ್ಲ. 1978ರಿಂದ 1983ರವರೆಗೆ ನಡೆದ 'ಬಟರ್‌ಫ್ಲೈಸ್', 1991ರಿಂದ 1999ರವರೆಗೆ ನಡೆದ 'ಟೂ ಪಾಯಿಂಟ್ ಫೋರ್ ಚಿಲ್ಡ್ರನ್', 2000ರಿಂದ 2011ರವರೆಗೆ ನಡೆದ 'ಮೈ ಫ್ಯಾಮಿಲಿ' ಮೊದಲಾದವುಗಳಲ್ಲಿ ಗೃಹಸ್ಥ ದಂಪತಿಗಳ ಜತೆಗೆ ಮಕ್ಕಳೂ ಉಂಟು. ಆದರೆ ಅವರಲ್ಲಿ ಹೆಚ್ಚಿನವರು ಹದಿಹರೆಯವನ್ನು ಮುಟ್ಟಿದವರು ಅಥವಾ ದಾಟಿದವರು. ಅವರ ಬಾಯಲ್ಲಿ ಬರುವುದು ಲೇಖಕನು ಟೇಬಲ್ಲಿನ ಮುಂದೆ ಕುಳಿತು ಕಡೆದ ಚಾಟೂಕ್ತಿ. ಕುಳಿತ ಪ್ರೇಕ್ಷಕರು ನಗಲೆಂದು ಮಾತಿನ ಬಳಿಕ ಒಂದು ಕ್ಷಣ ಬಿಡುವು. ನಗೆ ಅಡಗಿದ ಬಳಿಕ ಮುಂದಿನ ಮಾತು. ಇಂಥ ಪ್ರಹಸನದಲ್ಲಿ ತೀರ ಎಳೆಯ ಮಗುವಿಗೆ ಸ್ಥಾನವಿರುವುದು ಕಷ್ಟ. ಬಂದರೂ ಅದು ಮುದ್ದು ಮುಖ ತೋರಿಸಿ, ತನ್ನ ವಯಸ್ಸಿಗೆ ಮೀರಿದ ಒಂದು ಜಾಣತನದ ಮಾತನ್ನು ಒಪ್ಪಿಸಿ ಒಳಗೆ ಹೋಗುವುದು. ನಮ್ಮ ಶಾಲೆಗಳ ವಾರ್ಷಿಕೋತ್ಸವದ ನಾಟಕಗಳಲ್ಲಿ ಕಿರೀಟ ಧರಿಸಿದ ಪುಟ್ಟ ರಾಜನು ಪ್ರತಿಯೊಂದು ವಾಕ್ಯಕ್ಕೂ ಮೊದಲು ಪರದೆಯ ಮರೆಯಲ್ಲಿ ನಿಂತ ಮೇಷ್ಟರ ಕಡೆಗೆ ಕಣ್ಣು ಹಾಯಿಸುವುದನ್ನು ನಾವೆಲ್ಲ ಕಂಡವರೇ. ಅದು ಕಂಡು ಪೋಷಕರು ಹಿಗ್ಗುವರು; ಆದರೆ ರಾಜನು ಎಲ್ಲಿಯೂ ಇಲ್ಲ, ಮಗುವೂ ಇಲ್ಲ, ಇರುವುದು ಮೇಷ್ಟರ ಸ್ವರವೊಂದೇ.

'ಔಟ್‌ನಂಬರ್ಡ್'ನ ಕರ್ತೃಗಳಾದ ಆಂಡಿ ಹ್ಯಾಮಿಲ್ಟನ್ ಮತ್ತು ಗೈ ಜೆಂಕಿನ್ ಎಂಬಿಬ್ಬರು ಈ ತೊಡಕನ್ನು ಚೆನ್ನಾಗಿ ಅರಿತವರು. ಇವರೇ ಬರೆದು ಇವರೇ ನಿರ್ದೇಶಿಸಿದ್ದಾರೆಂಬುದು ಗಮನಾರ್ಹ. ಇದಕ್ಕೆ ಮುನ್ನ ಇವರು 1990ರಿಂದ 1998ರವರೆಗೆ 'ಡ್ರಾಪ್ ದಿ ಡೆಡ್ ಡಾಂಕಿ' ಎಂಬ, ವಾರ್ತಾಸಂಸ್ಥೆಯೊಂದರ ಒಳಬದುಕನ್ನು ವಿಡಂಬಿಸುವ ಮಾಲಿಕೆಯನ್ನು ರಚಿಸಿದ್ದರು. ಅದರಲ್ಲಿ ಆಯಾ ವಾರದ ಸುದ್ದಿಯನ್ನು ಪ್ರಸಾರಕ್ಕೆ ತೀರ ಸಮೀಪದಲ್ಲಿ ಸೇರಿಸುವ ಪದ್ಧತಿಯಿತ್ತು. ಕೊನೆಯ ಗಳಿಗೆಯಲ್ಲಿ ಬಂದ ಮಾತಿಗೆ ಒಂದು ಬಿಸಿಯುಂಟೆಂಬುದನ್ನು ಅವರು ಅಲ್ಲಿಯೇ ಕಲಿತಿರಬೇಕು. ಈ ಹೊಸ ಮಾಲಿಕೆಯಲ್ಲಿ ಹಿರಿಯ ನಟರಿಗೆ ಬರೆದ ಪಾಠವಿತ್ತು. ಮಕ್ಕಳಿಗೆ ಮಾತ್ರ ಅದನ್ನು ಮುಂಚಿತವಾಗಿ ಕೊಟ್ಟು ಉರುಹೊಡೆಸುತ್ತಿರಲಿಲ್ಲ. ಚಿತ್ರೀಕರಣಕ್ಕೆ ಸ್ವಲ್ಪ ಮೊದಲು ಸನ್ನಿವೇಶವನ್ನು ವಿವರಿಸಿ, ಆಡಬೇಕಾದ ಮಾತಿನ ಜಾಡನ್ನು ತಿಳಿಸಿ, ಉಳಿದುದನ್ನು ಅವರವರ ಬಾಯಿಗೇ ಬಿಡುತ್ತಿದ್ದರು. ಮಗು ಎತ್ತ ತಿರುಗಿದರೂ ಹಿಂಬಾಲಿಸಬಲ್ಲಂತೆ ಕ್ಯಾಮೆರಾಗಳನ್ನು ಕೈಯಲ್ಲಿಯೇ ಹಿಡಿದು ಚಿತ್ರಿಸಿದರು. ಎದುರಿಗೆ ಕುಳಿತ ಪ್ರೇಕ್ಷಕರಿಲ್ಲ. ಬಳಿಕ ಸೇರಿಸಿದ ನಗೆಯ ಧ್ವನಿಯೂ ಇಲ್ಲ. ಈ ಕೊನೆಯ ಅಂಶವನ್ನು ಸಣ್ಣದೆಂದು ತಿಳಿಯಬಾರದು. ಜನರ ನಗೆಯನ್ನು ಒಮ್ಮೆ ಕೇಳಿದ ಮಗು ಎರಡನೆಯ ಬಾರಿ ಅದೇ ನಗೆಗಾಗಿ ಮಾತನಾಡತೊಡಗುತ್ತದೆ. ಮನೆಗೆ ನೆಂಟರು ಬಂದಾಗ ಇದು ಎಲ್ಲರ ಅನುಭವಕ್ಕೂ ಬರುವ ವಿಷಯ. ನಗುವವರನ್ನೇ ದೂರವಿರಿಸಿದುದರಿಂದ ಆ ಕೃತಕತೆಗೆ ಎಡೆಯೇ ಇಲ್ಲವಾಯಿತು.

ಇಂಥ ವಿಧಾನದಲ್ಲಿ ನಿಜವಾದ ಅಗ್ನಿಪರೀಕ್ಷೆ ಹಿರಿಯ ನಟರದು. ಮುಂದಿನ ಕ್ಷಣದಲ್ಲಿ ಮಗು ಏನೆನ್ನುವುದೋ ತಿಳಿಯದು. ಏನೆಂದರೂ ನಗದೆ, ಬೆರಗಾಗದೆ, ತಂದೆಯೋ ತಾಯಿಯೋ ಆಗಿಯೇ ಉತ್ತರಿಸಬೇಕು. ಉತ್ತರಿಸುತ್ತಲೇ ಕಥೆಯ ದಾರಿಗೆ ಮಾತನ್ನು ಎಳೆದು ತರಬೇಕು. ತಾಯಿಯ ಪಾತ್ರಧಾರಿಣಿಯಾದ ಕ್ಲೇರ್ ಸ್ಕಿನ್ನರ್ ಇದಕ್ಕೆ ಮೊದಲೇ ಮೈಕ್ ಲೀ ಎಂಬ ಪ್ರಸಿದ್ಧ ನಿರ್ದೇಶಕರ 'ಲೈಫ್ ಈಸ್ ಸ್ವೀಟ್' (1990), 'ನೇಕೆಡ್' (1993) ಚಿತ್ರಗಳಲ್ಲಿ ನಟಿಸಿದ್ದವರು. ಆ ನಿರ್ದೇಶಕರು ಬರೆದ ಪಾಠವಿಲ್ಲದೆ ಆರಂಭಿಸಿ, ನಟರ ಆಶುಸಂಭಾಷಣೆಯಿಂದಲೇ ಪಾತ್ರಗಳನ್ನು ಬೆಳೆಸುವ ಪದ್ಧತಿಗೆ ಹೆಸರಾದವರು. ತಂದೆಯ ಪಾತ್ರಧಾರಿ ಹ್ಯೂ ಡೆನ್ನಿಸ್ 'ಮಾಕ್ ದಿ ವೀಕ್' ಎಂಬ ಹಾಸ್ಯಗೋಷ್ಠಿಯಲ್ಲಿ ತತ್‌ಕ್ಷಣದ ಮಾತುಗಾರಿಕೆಯಿಂದ ಜನಪ್ರಿಯರಾದವರು. ಆಶುಕವಿಗೆ ಸಮಸ್ಯೆಯನ್ನು ಒಡ್ಡಿದರೆ ಪೂರಣ ಮಾಡುವಂತೆ ಇವರಿಬ್ಬರೂ ಮಕ್ಕಳೊಡ್ಡಿದ ಸಮಸ್ಯೆಗಳನ್ನು ಪೂರಣ ಮಾಡಿದರು. ಪ್ರಶಂಸೆಯೆಲ್ಲ ಮಗುವಿಗೆ ಸಂದಾಗ ಇವರ ಪಾಲನ್ನು ಮರೆಯುವುದು ಅನ್ಯಾಯ.

ಇನ್ನು ಕ್ಯಾರನ್ ಪಾತ್ರದ ಸ್ವರೂಪವನ್ನು ನೋಡೋಣ. ಆಕೆ ತುಂಟಿಯಲ್ಲ, ತುಂಟತನವೆಲ್ಲ ಬೆನ್‌ನ ಪಾಲಿಗೆ ಬಂದಿದೆ. ಆಕೆಯ ಶಸ್ತ್ರವು ಪ್ರಶ್ನೆ. ಹಿರಿಯರು ಸಮಯಸಾಧನೆಗಾಗಿ ಆಡಿದ ಯಾವುದೋ ಮಾತನ್ನು ಹಿಡಿದು, ಅದರ ಅರ್ಥವೇನೆಂದು ಕೇಳುತ್ತಾಳೆ. ಉತ್ತರ ಬಂದರೆ ಆ ಉತ್ತರದೊಳಗಿನ ಒಂದು ಶಬ್ದವನ್ನು ಹಿಡಿದು ಮತ್ತೆ ಕೇಳುತ್ತಾಳೆ. ಮೂರನೆಯ ಉತ್ತರದ ಹೊತ್ತಿಗೆ ತಂದೆಯು ತನ್ನ ಮೊದಲ ಮಾತಿಗೇ ವಿರುದ್ಧವಾದುದನ್ನು ಹೇಳಿರುತ್ತಾನೆ. ನಮ್ಮ ಲಾಕ್ಷಣಿಕರು ವೀಥಿಯೆಂಬ ರೂಪಕದ ಅಂಗಗಳಲ್ಲಿ ವಾಕ್ಕೇಲಿಯೆಂಬುದನ್ನು ಹೇಳಿದ್ದಾರೆ. ಎರಡು ಮೂರು ಬಾರಿ ನಡೆಯುವ ಉತ್ತರ ಪ್ರತ್ಯುತ್ತರಗಳ ವಿನೋದವದು. ಕ್ಯಾರನ್‌ಳ ಪ್ರಶ್ನಾವಳಿಯು ಅದಕ್ಕೆ ಒಳ್ಳೆಯ ಉದಾಹರಣೆಯಾಗಬಲ್ಲುದು, ಒಂದು ಭೇದದೊಡನೆ: ವಾಕ್ಕೇಲಿಯಲ್ಲಿ ಇಬ್ಬರಿಗೂ ತಾವು ಆಡುತ್ತಿರುವುದು ಆಟವೆಂದು ಗೊತ್ತು. ಇಲ್ಲಿ ಕ್ಯಾರನ್‌ಗೆ ಅದು ಆಟವಲ್ಲ, ನಿಜವಾದ ಜಿಜ್ಞಾಸೆ. ಆಕೆಯ ಮುಖದಲ್ಲಿ ನಗೆಯ ಸುಳಿವೇ ಇರುವುದಿಲ್ಲ. ಎದುರಿನವರ ಕಣ್ಣನ್ನು ನೆಟ್ಟ ನೋಟದಿಂದ ನೋಡುತ್ತ, ನ್ಯಾಯಾಧಿಕಾರಿಯು ಸಾಕ್ಷಿಯ ಹೇಳಿಕೆಯನ್ನು ಆಲಿಸುವಂತೆ ಆಲಿಸುತ್ತಾಳೆ. ಹಾಸ್ಯವು ನಗುವವನಲ್ಲಿಲ್ಲ, ನಗಿಸುವವನು ನಗದಿರುವುದರಲ್ಲಿದೆ ಎಂಬುದನ್ನು ದೊಡ್ಡ ನಟರು ಹಲವು ವರ್ಷಗಳ ಅಭ್ಯಾಸದಿಂದ ಕಲಿಯುತ್ತಾರೆ. ಈ ಬಾಲಿಕೆಗೆ ಅದು ವಯೋಧರ್ಮದಿಂದಲೇ ಒದಗಿತು.

2008ರಲ್ಲಿ ಬಂದ ಎರಡನೆಯ ಸರಣಿಯ ಆರಂಭದಲ್ಲಿ ಒಂದು ಮದುವೆಯ ಪ್ರಸಂಗವಿದೆ. ಅಲ್ಲಿ ಮಕ್ಕಳು ಪಾದ್ರಿಯನ್ನು ಸುತ್ತುವರಿದು ಯೇಸುವಿನ ವಿಷಯವಾಗಿ ಪ್ರಶ್ನಿಸುತ್ತಾರೆ. ಅಷ್ಟೊಂದು ದಿವ್ಯಶಕ್ತಿಯಿದ್ದವನು ಅದನ್ನು ಶತ್ರುಗಳ ಮೇಲೆ ಏಕೆ ಪ್ರಯೋಗಿಸಲಿಲ್ಲ ಎಂಬುದು ಬೆನ್‌ನ ಚಿಂತೆ. ಪಾದ್ರಿಯು ಸಾತ್ತ್ವಿಕ ಮನುಷ್ಯ. ಬೇಸರಿಸದೆ ಉತ್ತರ ಕೊಡುತ್ತ ಹೋಗಿ ಕಡೆಗೆ ಎಲ್ಲಿಗೂ ಮುಟ್ಟದೆ ನಿಲ್ಲುತ್ತಾನೆ. ಇದನ್ನು ಧರ್ಮನಿಂದೆಯೆಂದು ಬಗೆಯುವವರಿದ್ದರೆ ಅವರು ದೃಶ್ಯವನ್ನು ಸರಿಯಾಗಿ ನೋಡಲಿಲ್ಲವೆಂದೇ ನಾನು ಹೇಳುವೆನು. ಮಕ್ಕಳು ದೇವರನ್ನು ಅಣಕಿಸುತ್ತಿಲ್ಲ. ದೇವರ ಕಥೆಯನ್ನು ನಿಜವೆಂದು ನಂಬಿದ್ದರಿಂದಲೇ ಅದರ ಒಳವಿವರಗಳನ್ನು ಕೇಳುತ್ತಿದ್ದಾರೆ. ಕೇಳುವುದನ್ನು ಬಿಟ್ಟವರು ಹಿರಿಯರು.

ಆದರೆ ನನ್ನ ದೃಷ್ಟಿಯಲ್ಲಿ ಇಡೀ ಮಾಲಿಕೆಯ ಶಿಖರಪ್ರಾಯವಾದ ಪ್ರಸಂಗ ಬೇರೊಂದಿದೆ. ಅದು ಸತ್ತ ಇಲಿಯ ಉತ್ತರಕ್ರಿಯೆ. ಕ್ಯಾರನ್ ಒಂದು ಇಲಿಯನ್ನು ಮಣ್ಣುಮಾಡಲು ನಿಶ್ಚಯಿಸುತ್ತಾಳೆ, ಪೌರೋಹಿತ್ಯವೂ ಆಕೆಯದೇ. ಗಂಭೀರವಾಗಿ ನಿಂತು ಕ್ರೈಸ್ತರ ಶವಸಂಸ್ಕಾರದಲ್ಲಿ ಮಣ್ಣು ಮಣ್ಣಿಗೆ ಸೇರುವುದೆಂಬರ್ಥದಲ್ಲಿ ಹೇಳುವ ಮಾತಿನಿಂದ ತೊಡಗುತ್ತಾಳೆ. ಅದರ ಬೆನ್ನಿಗೇ ಸಿರಿತನ ಬಡತನಗಳಲ್ಲಿಯೂ ಜತೆಗಿರುವೆವೆಂಬ ವಿವಾಹದ ಪ್ರತಿಜ್ಞೆ ಬರುತ್ತದೆ. ಅದರ ಬೆನ್ನಿಗೆ ಆಕಾಶಯುದ್ಧದ ಚಲಚ್ಚಿತ್ರವೊಂದರ ಪ್ರಸಿದ್ಧ ಹಾರೈಕೆ, ಬಳಿಕ ಸೌಂದರ್ಯಸಾಧನಗಳ ಜಾಹೀರಾತಿನಲ್ಲಿ ಕೇಳಿಬರುವ ಘೋಷವಾಕ್ಯ, ಕಡೆಗೆ ಆಮೆನ್. ಆ ಮೇಲೆ ಅದರ ಕಣ್ಣಿಗೆ ಮಣ್ಣೆರಚಬೇಕೆಂಬ ವಿಧಿಯನ್ನೂ ಸಾರುತ್ತಾಳೆ.

ಮೊದಲ ನೋಟಕ್ಕೆ ಇದು ಕೇವಲ ಅಸತ್ಪ್ರಲಾಪವೆಂದು ತೋರೀತು. ಭರತಮುನಿಯು ಹಾಸ್ಯರಸದ ವಿಭಾವಗಳನ್ನು ಹೇಳುವಾಗ ವಿಕೃತವಾದ ವೇಷಾಲಂಕಾರ, ಧಾರ್ಷ್ಟ್ಯ, ಲೌಲ್ಯ ಮುಂತಾದವುಗಳ ಜತೆಗೆ ಅಸತ್ಪ್ರಲಾಪವನ್ನೂ ಎಣಿಸಿದ್ದಾನೆ. ಅಸಂಬದ್ಧವಾಗಿ ಬಡಬಡಿಸಿದರೆ ಕೇಳಿದವರು ನಗುವುದು ಲೋಕಸಿದ್ಧ. ಆದರೆ ಕ್ಯಾರನ್‌ಳ ಮಾತನ್ನು ಪರಿಶೀಲಿಸಿದರೆ ಅಲ್ಲಿ ಅಸಂಬದ್ಧತೆಯಿಲ್ಲ, ಒಂದು ಕಟ್ಟುನಿಟ್ಟಾದ ಸಂಬಂಧವಿದೆ. ಆಕೆ ಪೋಣಿಸಿದ ಮಾತುಗಳೆಲ್ಲವೂ ಹಿರಿಯರು ಧ್ವನಿಯನ್ನು ತಗ್ಗಿಸಿ, ನಿಧಾನವಾಗಿ, ಸಭೆಯು ಕೇಳುವಂತೆ ಉಚ್ಚರಿಸುವ ಮಾತುಗಳು. ಅರ್ಥವನ್ನು ಬಿಟ್ಟು ಧ್ವನಿಯನ್ನಷ್ಟೇ ಹಿಡಿದ ಮಗುವಿಗೆ ಅವೆಲ್ಲ ಒಂದೇ ಜಾತಿಯ ಮಂತ್ರಗಳು. ಶವಸಂಸ್ಕಾರದ ಮಾತಿಗೂ ಜಾಹೀರಾತಿನ ಮಾತಿಗೂ ಗಾಂಭೀರ್ಯದಲ್ಲಿ ಭೇದ ಕಾಣದಿದ್ದುದು ಆಕೆಯ ಅಜ್ಞಾನವೋ, ಭೇದವಿಲ್ಲದಂತೆ ಎರಡನ್ನೂ ಉಚ್ಚರಿಸುವ ನಮ್ಮ ಅಭ್ಯಾಸದ ಫಲವೋ? ವಿಕೃತಿಯು ಮಗುವಿನಲ್ಲಿಲ್ಲ, ಮಗು ಹಿಡಿದ ಕನ್ನಡಿಯಲ್ಲಿ ಕಾಣುವ ಮುಖದಲ್ಲಿದೆ. ಇಷ್ಟಾಗಿಯೂ ಆಕೆಯ ದುಃಖವು ಸುಳ್ಳಲ್ಲ, ಇಲಿಯ ಮೇಲಣ ಗೌರವವೂ ಸುಳ್ಳಲ್ಲ. ಸತ್ತ ಜೀವಕ್ಕೆ ಒಳ್ಳೆಯ ಮಾತುಗಳು ಸಲ್ಲಬೇಕೆಂದು ಆಕೆ ತಿಳಿದಿದ್ದಾಳೆ. ತನಗೆ ಗೊತ್ತಿದ್ದ ಒಳ್ಳೆಯ ಮಾತುಗಳನ್ನೆಲ್ಲ ತಂದು ಸಲ್ಲಿಸಿದ್ದಾಳೆ. ಹಾಸ್ಯದ ಅಡಿಯಲ್ಲಿ ಕರುಣವು ಹೀಗೆ ಸದ್ದಿಲ್ಲದೆ ಹರಿಯುವುದರಿಂದಲೇ ಈ ಪ್ರಸಂಗ ಹುಟ್ಟಿಸುವ ನಗೆ ಅತಿಹಸಿತವಾಗದೆ ಸ್ಮಿತದಲ್ಲಿ ನಿಲ್ಲುತ್ತದೆ. ಆರು ಬಗೆಯ ನಗೆಗಳಲ್ಲಿ ಸ್ಮಿತ ಹಸಿತಗಳು ಉತ್ತಮಪ್ರಕೃತಿಯವರಿಗೆ ಸೇರಿದುವೆಂದು ಶಾಸ್ತ್ರವು ಹೇಳಿರುವುದನ್ನು ವಾಚಕರು ಬಲ್ಲರು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅಭಿ ಎಂಬ ಉಪಸರ್ಗದೊಡನೆ ಒಯ್ಯುವುದೆಂಬರ್ಥದ ಧಾತು ಸೇರಿ ಅಭಿನಯ ಶಬ್ದವಾಗಿದೆ. ಪ್ರಯೋಗದ ಅರ್ಥವನ್ನು ಪ್ರೇಕ್ಷಕನ ಅಭಿಮುಖವಾಗಿ ಒಯ್ಯುವುದು ಅಭಿನಯ. ಈ ವ್ಯುತ್ಪತ್ತಿಯನ್ನು ಬಿಗಿಯಾಗಿ ಹಿಡಿದರೆ ಕ್ಯಾರನ್ ಪಾತ್ರದಲ್ಲಿ ಒಯ್ಯುವವರು ಬೇರೆ, ಆಡುವವರು ಬೇರೆ. ಬಾಲಿಕೆಯು ಎದುರಿಗಿದ್ದ ತಂದೆಯೊಡನೆ ಮಾತನಾಡಿದಳು. ಅದನ್ನು ಆಯ್ದು, ಕತ್ತರಿಸಿ, ಜೋಡಿಸಿ ನಮ್ಮ ಕಡೆಗೆ ಒಯ್ದವರು ನಿರ್ದೇಶಕರೂ ಸಂಕಲನಕಾರರೂ. ಆದುದರಿಂದ ಇದು ಅಭಿನಯವೇ ಅಲ್ಲ, ಮಗುವಿನ ಸಹಜ ವರ್ತನೆಯ ಚಿತ್ರಣವೆಂದು ಪೂರ್ವಪಕ್ಷ.

ಈ ಪೂರ್ವಪಕ್ಷ ಬಲವಾದುದೇ, ಆದರೂ ನಿಲ್ಲತಕ್ಕುದಲ್ಲ. ರಮೋನಾ ಎಂಬ ಬಾಲಿಕೆಗೆ ತನ್ನ ಹೆಸರು ಕ್ಯಾರನ್ ಅಲ್ಲವೆಂದು ಗೊತ್ತು. ಎದುರಿಗಿರುವಾತ ತನ್ನ ತಂದೆಯಲ್ಲ, ಈ ಮನೆ ತನ್ನ ಮನೆಯಲ್ಲ, ಸುತ್ತ ಕ್ಯಾಮೆರಾ ಹಿಡಿದವರು ನಿಂತಿದ್ದಾರೆ ಎಂದೂ ಗೊತ್ತು. ಇಷ್ಟನ್ನೂ ತಿಳಿದು, ತಿಳಿದುದನ್ನು ಪಕ್ಕಕ್ಕಿರಿಸಿ, ಕಲ್ಪಿತ ಸನ್ನಿವೇಶದೊಳಗೇ ನಿಂತು, ಅದಕ್ಕೆ ಒಪ್ಪುವ ಮಾತನ್ನೇ ಹುಡುಕಿ ಆಡುವುದು ಸಾಮಾನ್ಯ ಸಾಮರ್ಥ್ಯವಲ್ಲ. ಮಣೆಯನ್ನು ಕುದುರೆಯೆಂದು ಏರಿದ ಮಗುವನ್ನು ಇದು ಮಣೆಯೆಂದು ಯಾರಾದರೂ ತಿದ್ದಹೋದರೆ ಅದು ಸಿಟ್ಟಾಗುತ್ತದೆ. ಏಕೆ? ಮಣೆಯೆಂಬುದು ಅದಕ್ಕೆ ನಮಗಿಂತ ಚೆನ್ನಾಗಿ ಗೊತ್ತು. ಒಪ್ಪಂದವನ್ನು ಮುರಿದವರು ನಾವು. ಮಕ್ಕಳ ಆಟದಲ್ಲಿರುವ ಈ ದ್ವಿವಿಧ ಜ್ಞಾನವೇ ನಾಟ್ಯದ ಬೀಜ. ಹ್ಯಾಮಿಲ್ಟನ್, ಜೆಂಕಿನ್ ಇಬ್ಬರೂ ಮಾಡಿದುದು ಆ ಬೀಜವನ್ನು ಹೊರಗಿನಿಂದ ತಂದು ನೆಟ್ಟುದಲ್ಲ, ಇದ್ದ ಬೀಜದ ಮೇಲೆ ಕಲ್ಲು ಹೇರದಿದ್ದುದು. ಕಂಠಪಾಠವು ಆ ಕಲ್ಲಾಗಬಲ್ಲುದು. ಕಂಠಪಾಠದಿಂದಲೇ ವಿದ್ಯೆ ಕಲಿತು, ಇಂದಿಗೂ ಅದರ ಪ್ರಯೋಜನವನ್ನು ಉಣ್ಣುತ್ತಿರುವ ನಾನು ಈ ಮಾತನ್ನು ಹಗುರವಾಗಿ ಆಡುತ್ತಿಲ್ಲ. ಪದ್ಯಕ್ಕೆ, ಸೂತ್ರಕ್ಕೆ, ಮಗ್ಗಿಗೆ ಕಂಠಪಾಠ ಅನಿವಾರ್ಯ. ಮಗು ತನ್ನದೆಂದು ಆಡಬೇಕಾದ ಮಾತಿಗೆ ಮಾತ್ರ ಅದು ಸಲ್ಲದು. ತಡವರಿಕೆ, ನಡುವೆ ಉಸಿರು ತೆಗೆದುಕೊಳ್ಳುವುದು, ಸರಿಯಾದ ಶಬ್ದ ಸಿಕ್ಕದೆ ಹತ್ತಿರದ ಶಬ್ದವನ್ನು ಹಿಡಿಯುವುದು, ಸಿಕ್ಕಿದ ಕೂಡಲೆ ಕಣ್ಣರಳುವುದು ಇವನ್ನು ಹೇಳಿಕೊಟ್ಟು ಮಾಡಿಸಲಾಗದು. ಸಾತ್ತ್ವಿಕವು ಮನಸ್ಸಿನ ಏಕಾಗ್ರತೆಯಿಂದ ಹುಟ್ಟುವುದೆಂದು ಶಾಸ್ತ್ರವಾಕ್ಯ. ಕ್ಯಾರನ್ ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾಯುವ ಆ ಎರಡು ಕ್ಷಣಗಳಲ್ಲಿ ಕಾಣುವ ಏಕಾಗ್ರತೆ ಅಂಥದು.

ಉಳಿದಿಬ್ಬರು ಬಾಲಕರನ್ನು ಕುರಿತು ಸಂಕ್ಷೇಪವಾಗಿ ಹೇಳಿದರೆ ಸಾಕು. ಬೆನ್‌ನ ಪಾತ್ರವನ್ನು ಡ್ಯಾನಿಯಲ್ ರೋಚ್, ಜೇಕ್‌ನ ಪಾತ್ರವನ್ನು ಟೈಗರ್ ಡ್ರೂ-ಹನಿ ವಹಿಸಿದರು. ಬೆನ್ ಸುಳ್ಳುಗಾರ, ಆದರೆ ಅವನ ಸುಳ್ಳು ಲಾಭಕ್ಕಾಗಿ ಹುಟ್ಟಿದುದಲ್ಲ, ಕಲ್ಪನೆಯ ಅತಿವೃಷ್ಟಿಯಿಂದ ಹುಟ್ಟಿದುದು. ಜೇಕ್ ಆಗತಾನೆ ಪ್ರೌಢಶಾಲೆಗೆ ಕಾಲಿಟ್ಟ ಹುಡುಗ. ಅವನಲ್ಲಿ ಹಾಸ್ಯಕ್ಕಿಂತ ಆತಂಕವೇ ಹೆಚ್ಚು. ಮೂವರಲ್ಲಿ ಅವನೊಬ್ಬನೇ ಹಿರಿಯರ ಭಾಷೆಯನ್ನು ಅರ್ಧ ಕಲಿತವನು. ಆದಕಾರಣ ಅವನ ಪಾತ್ರದಲ್ಲಿ ಬರೆದ ಮಾತಿನ ರುಚಿ ಬೇಗನೆ ಗೊತ್ತಾಗುತ್ತದೆ.

ಮನೆಗೆ ಆಗಾಗ ಬರುವ ತಾತನೊಬ್ಬನಿದ್ದಾನೆ. ಸ್ಯೂಳ ತಂದೆ ಫ್ರ್ಯಾಂಕ್. ಮರೆವಿನ ರೋಗ ಅವನನ್ನು ಮೆಲ್ಲಮೆಲ್ಲನೆ ಆವರಿಸುತ್ತಿದೆ. ಈ ಪಾತ್ರವನ್ನು ವಹಿಸಿದ ಡೇವಿಡ್ ರಯಾಲ್ ರಂಗಭೂಮಿಯಲ್ಲಿ ನುರಿತ ಹಿರಿಯ ನಟ. 2014ರ ಡಿಸೆಂಬರಿನಲ್ಲಿ ನಿಧನ ಹೊಂದಿದರು. ತಾತನ ಗೊಂದಲವನ್ನು ಕಂಡು ದೊಡ್ಡವರು ಕಣ್ಣು ತಪ್ಪಿಸುತ್ತಾರೆ, ಮಾತು ಬದಲಿಸುತ್ತಾರೆ. ಮಕ್ಕಳಿಗೆ ಆ ಸಂಕೋಚವಿಲ್ಲ. ಹೇಳಿದುದನ್ನೇ ಹೇಳುವವನೂ ಕೇಳಿದುದನ್ನೇ ಕೇಳುವವರೂ ಒಂದೇ ನೆಲದ ಮೇಲೆ ಭೇಟಿಯಾಗುತ್ತಾರೆ. ಬರೆದ ಮಾತಿಗೆ ಕಟ್ಟುಬಿದ್ದ ಬಾಲನಟರಿಂದ ಈ ಸರಸವು ಸಾಧ್ಯವಾಗುತ್ತಿರಲಿಲ್ಲ.

2009ರಲ್ಲಿ ಬ್ರಿಟಿಷ್ ಕಾಮಿಡಿ ಅವಾರ್ಡ್ಸ್ ಸಮಾರಂಭದಲ್ಲಿ ಅತ್ಯುತ್ತಮ ನವಹಾಸ್ಯನಟಿಯೆಂಬ ಪ್ರಶಸ್ತಿಯು ರಮೋನಾಳಿಗೆ ಬಂದಿತು. ಆಗ ಆಕೆಗೆ ಎಂಟು ವರ್ಷ. ದೊಡ್ಡವರೊಡನೆ ಸ್ಪರ್ಧಿಸಿ ಗೆದ್ದ ಪ್ರಶಸ್ತಿಯಿದು, ಮಕ್ಕಳಿಗೆಂದೇ ಇಟ್ಟ ಸಮಾಧಾನದ ಬಹುಮಾನವಲ್ಲ. ಇದನ್ನು ಓದಿ ಸಂತೋಷಪಡುವುದರ ಜತೆಗೆ ಇನ್ನೊಂದು ಸಂದೇಹವೂ ಏಳುವುದು ನ್ಯಾಯವೇ. ಮಗುವಿನ ಸಹಜತೆಯನ್ನು ಸೆರೆಹಿಡಿದು ಲಕ್ಷಾಂತರ ಮನೆಗಳಿಗೆ ಹಂಚುವುದು ಮಗುವಿಗೆ ಹಿತವೆ? ಆಟವೆಂದು ನಾವು ಕರೆದುದು ಅದರ ಪಾಲಿಗೆ ದುಡಿಮೆಯಲ್ಲವೆ?

ಬ್ರಿಟನ್ನಿನಲ್ಲಿ ಈ ಸಂದೇಹ ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ನಾಟಕಶಾಲೆಗಳಲ್ಲಿ ಎಳೆಯ ಮಕ್ಕಳನ್ನು ಗುಂಪುಗುಂಪಾಗಿ ಕುಣಿಸುತ್ತಿದ್ದ ಕಾಲವೊಂದಿತ್ತು. 1889ರಲ್ಲಿ ಮಕ್ಕಳ ಮೇಲಣ ಕ್ರೌರ್ಯವನ್ನು ತಡೆಯುವ ಶಾಸನ ಬಂದು, ಏಳು ವರ್ಷ ತುಂಬದ ಮಕ್ಕಳನ್ನು ರಂಗಕ್ಕೆ ತರುವುದನ್ನು ನಿಷೇಧಿಸಿತು. ಏಳರಿಂದ ಹತ್ತರವರೆಗಿನವರಿಗೆ ಪರವಾನಗಿಯನ್ನು ವಿಧಿಸಿತು. ಬಳಿಕ 1933ರ, 1963ರ ಶಾಸನಗಳೂ 1968ರ ನಿಯಮಗಳೂ ಬಂದುವು. ಈ ಮಾಲಿಕೆಯು ಆರಂಭವಾದಾಗ ಜಾರಿಯಲ್ಲಿದ್ದುದು ಇವೇ ನಿಯಮಗಳು. ಇಂಗ್ಲೆಂಡಿನಲ್ಲಿ ಇವುಗಳ ಸ್ಥಾನವನ್ನು 2014ರ ಹೊಸ ನಿಯಮಾವಳಿ ಪಡೆಯಿತು. ಅದರಂತೆ ಐದರಿಂದ ಎಂಟು ವರ್ಷದ ಮಗುವನ್ನು ಪ್ರದರ್ಶನ ಸ್ಥಳದಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಿಸಿಕೊಳ್ಳುವಂತಿಲ್ಲ. ಅದರಲ್ಲಿ ಅಭಿನಯ ಮತ್ತು ಅಭ್ಯಾಸಕ್ಕೆ ಒಟ್ಟು ಮೂರು ಗಂಟೆಯಷ್ಟೇ ಮಿತಿ. ಸ್ಥಳೀಯ ಆಡಳಿತದ ಪರವಾನಗಿ ಬೇಕು. ಮಗುವಿನ ಮೇಲ್ವಿಚಾರಣೆಗೆ ಒಪ್ಪಿತರಾದ ಪಾಲಕರೊಬ್ಬರು ಇರಬೇಕು. ಶಾಲೆಯ ದಿನಗಳಲ್ಲಿ ಪಾಠ ತಪ್ಪಿದರೆ ಅದಕ್ಕೆ ಬದಲಾಗಿ ದಿನಕ್ಕೆ ಮೂರು ಗಂಟೆಯ ಲೆಕ್ಕದಲ್ಲಿ ಪಾಠ ಹೇಳಿಸಬೇಕು. ನಮ್ಮ ದೇಶದಲ್ಲಿಯೂ ಬಾಲಕಾರ್ಮಿಕ ಶಾಸನಕ್ಕೆ 2016ರಲ್ಲಿ ತಿದ್ದುಪಡಿಯಾಗಿ, 2017ರ ನಿಯಮಗಳಲ್ಲಿ ಬಾಲಕಲಾವಿದರಿಗೆ ದಿನಕ್ಕೆ ಐದು ಗಂಟೆಯ ಮಿತಿಯನ್ನು ಗೊತ್ತುಮಾಡಲಾಯಿತು. ಗಳಿಕೆಯಲ್ಲಿ ಶೇಕಡಾ 20ಕ್ಕೆ ಕಡಮೆಯಿಲ್ಲದಷ್ಟು ಹಣವನ್ನು ಮಗುವಿನ ಹೆಸರಿನಲ್ಲಿ ನಿಶ್ಚಿತ ಠೇವಣಿಯಾಗಿ ಇಡಬೇಕೆಂದೂ ಆಯಿತು. ಮಕ್ಕಳನ್ನು ದೂರದರ್ಶನದ ಸ್ಪರ್ಧೆಗಳಿಗೆ ಉತ್ಸಾಹದಿಂದ ಕರೆದೊಯ್ಯುವ ಪೋಷಕರಲ್ಲಿ ಎಷ್ಟು ಮಂದಿ ಇದನ್ನು ಬಲ್ಲರೆಂಬುದು ಬೇರೆ ಮಾತು.

ಗಂಟೆಗಳನ್ನು ಶಾಸನವು ಎಣಿಸಬಲ್ಲುದು. ಮನಸ್ಸನ್ನು ಎಣಿಸುವುದು ಅದರಿಂದಾಗದು. ಈ ದೃಷ್ಟಿಯಿಂದ 'ಔಟ್‌ನಂಬರ್ಡ್'ನ ವಿಧಾನವು ಒಂದು ರೀತಿಯಲ್ಲಿ ಮಗುವಿಗೆ ಉಪಕಾರಿಯಾಯಿತೆಂದೇ ನನ್ನ ಎಣಿಕೆ. ತಪ್ಪಿದರೆ ಬೈಸಿಕೊಳ್ಳಬೇಕಾದ ಪಾಠವೇ ಇಲ್ಲದುದರಿಂದ ತಪ್ಪೆಂಬುದೇ ಇರಲಿಲ್ಲ. ಆದರೆ ಅದೇ ವಿಧಾನಕ್ಕೆ ಒಂದು ಆಯುಃಪ್ರಮಾಣವೂ ಇದ್ದಿತು. ಆರು ವರ್ಷದ ಬಾಲೆ ಕೇಳಿದಾಗ ಜಿಜ್ಞಾಸೆಯೆನಿಸಿದ ಪ್ರಶ್ನೆಯನ್ನು ಹದಿಮೂರು ವರ್ಷದವಳು ಕೇಳಿದರೆ ಅದು ಉದ್ಧಟತನವಾಗುತ್ತದೆ. 2014ರ ಐದನೆಯ ಸರಣಿಯಲ್ಲಿ ಕ್ಯಾರನ್ ಬೆಳೆದಿದ್ದಾಳೆ. ನೋಟದಲ್ಲಿ ಹಳೆಯ ತೀಕ್ಷ್ಣತೆಯಿದೆ, ಆದರೆ ಈಗ ಅದು ತನ್ನನ್ನು ಯಾರೋ ನೋಡುತ್ತಿದ್ದಾರೆಂದು ಬಲ್ಲ ನೋಟ. ಕರ್ತೃಗಳು ಇದನ್ನು ಮರೆಮಾಡಲು ಯತ್ನಿಸದೆ, ಬೆಳೆದ ಮಕ್ಕಳನ್ನು ಬೆಳೆದವರಂತೆಯೇ ತೋರಿಸಿದರು. ಅಲ್ಲಿ ಹಾಸ್ಯ ಕೊಂಚ ಸೊರಗಿದೆಯೆಂಬುದನ್ನು ಒಪ್ಪಬೇಕು. ಸಹಜತೆಯನ್ನು ನಟಿಸಿ ತೋರಿಸುವ ಕೃತಕತೆಗಿಂತ ಆ ಸೊರಗುವಿಕೆಯೇ ಮೇಲು. ಸರಣಿಯನ್ನು ಅಲ್ಲಿಗೆ ನಿಲ್ಲಿಸಿದುದೂ ಉಚಿತಜ್ಞತೆಯೇ.

ಈ ನಡುವೆ ಆ ಮಕ್ಕಳಿಗೆ ಬೇರೆ ಪಾತ್ರಗಳೂ ದೊರೆತುವು. 2010ರಲ್ಲಿ ತೆರೆಕಂಡ 'ದಿ ಕಿಂಗ್ಸ್ ಸ್ಪೀಚ್' ಚಲಚ್ಚಿತ್ರದಲ್ಲಿ ರಮೋನಾ ರಾಜಕುಮಾರಿ ಮಾರ್ಗರೆಟ್ ಆಗಿ ಕಾಣಿಸಿಕೊಂಡಳು. ಮಾತು ತಡೆಯುವ ರಾಜನೊಬ್ಬ ಮಾತಿಗಾಗಿ ಹೆಣಗುವ ಆ ಕಥೆಯಲ್ಲಿ, ಮಾತು ತಡೆಯದ ಈ ಬಾಲೆ ಅವನ ಕಿರಿಯ ಮಗಳು. ಅದೇ ವರ್ಷದ ಕೊನೆಯಲ್ಲಿ ಡ್ಯಾನಿಯಲ್ ರೋಚ್ ಬಿ.ಬಿ.ಸಿ.ಯ 'ಜಸ್ಟ್ ವಿಲಿಯಂ'ನಲ್ಲಿ ನಾಯಕನಾದನು. ರಿಚ್ಮಲ್ ಕ್ರಾಂಪ್ಟನ್ ಎಂಬ ಲೇಖಕಿ 1922ರಲ್ಲಿ ಮೊದಲ ಪುಸ್ತಕ ಪ್ರಕಟಿಸಿ ಸೃಷ್ಟಿಸಿದ ಆ ತುಂಟ ಬಾಲಕನು ಆಂಗ್ಲ ಮಕ್ಕಳಿಗೆ ತಲೆಮಾರುಗಳಿಂದ ಪರಿಚಿತ. ಆಕೆ ಸ್ವತಃ ಉಪಾಧ್ಯಾಯಿನಿಯಾಗಿದ್ದವಳು ಎಂಬುದನ್ನು ಇಲ್ಲಿ ನೆನೆಯಬಹುದು.

ಸರಣಿಯು ನಿಂತ ಮೇಲೂ ಬ್ರಾಕ್‌ಮನ್ ಕುಟುಂಬವು ಎರಡು ಸಲ ತೆರೆಯ ಮೇಲೆ ಕೂಡಿತು: 2016ರ ಡಿಸೆಂಬರ್ 26ರಂದು ಒಮ್ಮೆ, 2024ರ ಡಿಸೆಂಬರ್ 26ರಂದು ಮತ್ತೊಮ್ಮೆ. ಎರಡೂ ಕ್ರಿಸ್ಮಸ್ಸಿನ ವಿಶೇಷ ಪ್ರಸಂಗಗಳು. ಕೊನೆಯದರಲ್ಲಿ ತಂದೆ ಪೀಟ್‌ಗೆ ಕ್ಯಾನ್ಸರ್ ತಗುಲಿದೆ. ಅದನ್ನು ಮಕ್ಕಳಿಗೆ ಹೇಗೆ ತಿಳಿಸುವುದೆಂದು ದಂಪತಿಗಳು ಒದ್ದಾಡುತ್ತಾರೆ. ಮೂವರೂ ಈಗ ಪ್ರಾಪ್ತವಯಸ್ಕರು. ಕ್ಯಾರನ್ ಪಾತ್ರಧಾರಿಣಿಗೆ ಇಪ್ಪತ್ತಮೂರು ವರ್ಷ. ಈ ಬಾರಿ ಹಿರಿಯರು ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಮಾತು ಹುಡುಕುತ್ತಿರುವುದನ್ನು ಅರಿಯದಷ್ಟು ಎಳೆಯರು ಆ ಮನೆಯ ಮಕ್ಕಳಲ್ಲಿ ಯಾರೂ ಉಳಿದಿಲ್ಲ.